ಬರೆಯುವ ಕೈ ಬೇಕು



ನಮ್ಮ ಗೋರ್ವಾಕ್ಕೆ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯವು ದೂರವಲ್ಲ. ಆದರೂ ಕಣ್ಣು ಕಾಣದ, ಕೈ ಸ್ವಾಧೀನವಿಲ್ಲದ ಮಕ್ಕಳನ್ನು ಅಲ್ಲಿಗೆ ಕಳುಹಿಸಲು ತಾಯ್ತಂದೆಯರು ಹಿಂಜರಿಯುವುದುಂಟು. 2016ರ ಕಾಯಿದೆಯು ಸರ್ಕಾರದ ಹಾಗೂ ಸರ್ಕಾರಿ ನೆರವಿನ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಇಂಥವರಿಗೆ ನೂರಕ್ಕೆ 5 ಸ್ಥಾನಗಳನ್ನಾದರೂ ಮೀಸಲಿಟ್ಟಿದೆ. ವೈಕಲ್ಯವು ಶೇಕಡಾ 40ಕ್ಕೆ ಕಡಿಮೆಯಿರಬಾರದು, ಅಷ್ಟೆ.

ಪರೀಕ್ಷೆಯಲ್ಲಿ ಅವರು ಹೇಳಿದ್ದನ್ನು ಬರೆದುಕೊಡಲು ಲಿಪಿಕಾರರುಂಟು. ಗಂಟೆಗೆ 20 ನಿಮಿಷ ಹೆಚ್ಚು ಕಾಲ ಕೊಡಬೇಕೆಂದು 2018ರ ಕೇಂದ್ರದ ಮಾರ್ಗಸೂಚಿ ವಿಧಿಸಿತು: ಮೂರು ಗಂಟೆಯ ಪತ್ರಿಕೆಗೆ ಪೂರ್ತಿ ಒಂದು ಗಂಟೆ! ತೊಡಕೆಲ್ಲ ಲಿಪಿಕಾರರನ್ನು ಹುಡುಕುವುದರಲ್ಲಿ. ವಿದ್ಯಾರ್ಥಿ ತಾನೇ ಕರೆತಂದವರ ಓದು ಅವನಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕೆಂದೂ ಆ ಮಾರ್ಗಸೂಚಿಯಲ್ಲಿತ್ತು. ಆ ಲೆಕ್ಕದಲ್ಲಿ ಬಿ.ಕಾಂ. ಪರೀಕ್ಷೆಗೆ ನಮ್ಮಂಥ ಬಿ.ಕಾಂ. ಪದವೀಧರರು ನಿಷ್ಪ್ರಯೋಜಕರು! ಇಂಗ್ಲಿಷು, ಗುಜರಾತಿ ಎರಡನ್ನೂ ತಡವರಿಸದೆ ಬರೆಯುವ ನಮ್ಮ ಹೈಸ್ಕೂಲು ಮಕ್ಕಳೇ ಬೇಕು. ಅಂಥವರ ಪಟ್ಟಿಯೊಂದನ್ನು ಸಂಘದಲ್ಲಿ ಇಡೋಣ. ಒಪ್ಪುವ ತಾಯ್ತಂದೆಯರು ಈ ಸಭೆ ಮುಗಿಯುವ ಮುನ್ನ ಹೆಸರು ಬರೆಸಬೇಕಾಗಿ ಪ್ರಾರ್ಥನೆ.