ದ್ವೀಪದ ಹಡಗೋ, ವಿಹಾರ ನೌಕೆಯೋ?



ಮೈಸೂರಿಗೆ ಕಡಲಿಲ್ಲ. ಆದರೂ ಈ ಸೀಮೆಯ ಆಳ್ವಿಕೆ ಒಂದು ಕಾಲಕ್ಕೆ ಅರಬ್ಬಿ ಸಮುದ್ರದ ನಡುವಿನ ದ್ವೀಪಗಳವರೆಗೂ ಚಾಚಿತ್ತು. ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತ ಅಮಿನಿ ದ್ವೀಪದ ಜನ ಟಿಪ್ಪು ಸುಲ್ತಾನನ ಮೊರೆಹೊಕ್ಕರು. 1787ರಲ್ಲಿ ಅಮಿನಿದಿವಿ ಗುಂಪಿನ ದ್ವೀಪಗಳು ಶ್ರೀರಂಗಪಟ್ಟಣದ ಅಧೀನಕ್ಕೆ ಬಂದವು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅವು ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಮುಂದೆ ಅವನ್ನು ದಕ್ಷಿಣ ಕನ್ನಡ ಜಿಲ್ಲೆಯೊಂದಿಗೆ ಸೇರಿಸಿ ಆಳಲಾಯಿತು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಹಾಯಿದೋಣಿಗಳಲ್ಲಿ ಮಂಗಳೂರಿಗೆ ತಂದು, ಅಕ್ಕಿ ಒಯ್ಯುತ್ತಿದ್ದರು. ಈ ಆಡಳಿತದ ನಂಟು ಕಡಿದದ್ದು 1956ರ ನವೆಂಬರ್ 1ರಂದು. ಕನ್ನಡನಾಡು ಒಂದಾದ ದಿನವೇ ಈ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದದ್ದು ಚರಿತ್ರೆಯ ಒಂದು ಸೋಜಿಗ.

ಈಗ ಅದೇ ಲಕ್ಷದ್ವೀಪಕ್ಕೆ ರಜೆಯಲ್ಲಿ ಹಡಗೇರಿ ಹೋಗಬೇಕೆನ್ನುವ ಮೈಸೂರಿನ ಕುಟುಂಬ ಎರಡು ಬಗೆಯ ಪ್ರಯಾಣವನ್ನು ತೂಗಿ ನೋಡಬೇಕಾಗುತ್ತದೆ.

ಒಂದು, ವಿಹಾರ ನೌಕೆ. 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಯಾನ ಆರಂಭಿಸಿದ ಕಾರ್ಡೀಲಿಯಾ ಸಂಸ್ಥೆಯ 'ಎಂಪ್ರೆಸ್' ಇದಕ್ಕೆ ಉದಾಹರಣೆ. ಹನ್ನೊಂದು ಅಂತಸ್ತು, ಈಜುಕೊಳ, ನಾಟಕಶಾಲೆ, ಹೊತ್ತುಹೊತ್ತಿಗೆ ಭೂರಿ ಭೋಜನ. ಇಲ್ಲಿ ಹಡಗೇ ಊರು, ದ್ವೀಪ ಕೆಲವು ಗಂಟೆಗಳ ನೋಟ. ವಯಸ್ಸಾದವರಿಗೆ, ಚಿಕ್ಕ ಮಕ್ಕಳಿರುವವರಿಗೆ ಇದು ಅನುಕೂಲ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಇನ್ನೊಂದು, ಕೊಚ್ಚಿಯಿಂದ ಹೊರಡುವ ದ್ವೀಪಾಡಳಿತದ ಹಡಗು. 700 ಜನರನ್ನು ಒಯ್ಯಬಲ್ಲ 'ಎಂ.ವಿ. ಕವರತ್ತಿ' ಇಂಥದ್ದು. ಹಡಗಿನಲ್ಲಿ ಸಾಲು ಬಂಕುಗಳೂ ಇವೆ, ಕ್ಯಾಬಿನ್ನುಗಳೂ ಇವೆ. ಕೊಚ್ಚಿಯ ಆಸ್ಪತ್ರೆಗೆ ತೋರಿಸಿಕೊಂಡು ಮರಳುವ ಅಜ್ಜಿ, ಕೇರಳದಲ್ಲಿ ಓದುವ ಹುಡುಗರು, ಮದುವೆಯ ಸಾಮಾನು ಕೊಂಡವರು ಹತ್ತುವುದು ಇಂಥ ಹಡಗನ್ನೇ. ದ್ವೀಪಕ್ಕೆ ತಕ್ಕಂತೆ 14ರಿಂದ 18 ಗಂಟೆ ಹಿಡಿಯುತ್ತದೆ. ಹಲವು ಕಡೆ ಹಡಗು ಹವಳದ ದಂಡೆಯ ಹೊರಗೇ ನಿಲ್ಲುತ್ತದೆ. ಅಲ್ಲಿಂದ ಓಲಾಡುವ ಸಣ್ಣ ದೋಣಿಗೆ ಇಳಿಯಬೇಕು. ಕೈಹಿಡಿದು ಇಳಿಸುವವರಿದ್ದರೂ ಎದೆ ಡವಗುಟ್ಟದಿರದು. ಕೂಸನ್ನು ಕಂಕುಳಲ್ಲಿರಿಸಿಕೊಂಡ ದ್ವೀಪದ ಹೆಂಗಸರಿಗೆ ಮಾತ್ರ ಇದು ನಮ್ಮಲ್ಲಿ ಸಿಟಿ ಬಸ್ಸು ಇಳಿದಷ್ಟೇ ಸಲೀಸು.

ನಾರ್ವೆಯಲ್ಲಿ 1893ರಲ್ಲಿ ಶುರುವಾದ ಹುರ್ಟಿಗ್ರುಟನ್ ಕರಾವಳಿ ಹಡಗು ಮಾರ್ಗ ಅಂಚೆ, ಸರಕು, ಊರವರನ್ನು ಒಯ್ಯುತ್ತಲೇ ಲೋಕಪ್ರಸಿದ್ಧ ಪ್ರವಾಸವೂ ಆಯಿತು. ದ್ವೀಪದ ಪ್ರವಾಸೋದ್ಯಮ ಸಂಸ್ಥೆ ರೂಪಿಸಿದ 'ಸಮುದ್ರಂ' ಯೋಜನೆಯ ಜಾಡೂ ಅದೇ: ಐದು ದಿನ, ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ.

ಹಾಗಾದರೆ ದ್ವೀಪದ ಹಡಗೇ ಮೇಲೆನ್ನೋಣವೇ? ಕಡಲನ್ನು ಬದುಕಿನ ದಾರಿಯಾಗಿ ಕಾಣಬೇಕೆನ್ನುವವರಿಗೆ ಹೌದು. ಆದರೆ ಒಂದು ತೊಡಕಿದೆ. 2022ರಲ್ಲಿ ಕೆಲವು ಹಡಗುಗಳು ದುರಸ್ತಿಗೆ ಹೋದಾಗ ಟಿಕೆಟ್ಟಿಗಾಗಿ ದ್ವೀಪದವರೇ ಪರದಾಡಿದರು. ಪ್ರವಾಸಿಗೆ ಬಂಕು ತಪ್ಪಿದರೆ ರಜೆ ಕೆಡುತ್ತದೆ, ಅಷ್ಟೆ. ರೋಗಿಗೆ ತಪ್ಪಿದರೆ? ಪರವಾನಗಿಯ ಅರ್ಜಿ ಬರೆಯುವ ಮುನ್ನ ಹಡಗುಗಳ ಸ್ಥಿತಿಗತಿ ವಿಚಾರಿಸಬೇಕು. ಅವು ಕಡಿಮೆಯಿರುವ ಋತುವಿನಲ್ಲಿ ವಿಹಾರ ನೌಕೆಯಲ್ಲೇ ಹೋಗುವುದು, ಇಲ್ಲವೇ ಮುಂದಿನ ವರ್ಷಕ್ಕೆ ಕಾಯುವುದು ಲೇಸು.