ಮುಟ್ಟಿದರೆ ಔಟು
(ಸಿಂಧನೂರಿನಲ್ಲಿ ಹೈಸ್ಕೂಲು ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸರ್ಕಾರಿ ಹೈಸ್ಕೂಲುಗಳಿಂದ ಬಂದು ಕೂತಿದ್ದೀರಿ. ನಾವೂ ಇಂಥದೇ ಸಾಲಿಯಲ್ಲಿ ಕಲಿತವರು. ಇವತ್ತು ಪಾಠದ ಮಾತು ಬೇಡ, ಆಟದ ಮಾತು ಆಡೋಣ. ಆಟ ಅಂದರೆ ಸಣ್ಣ ಮಾತಲ್ಲ.

ಕಬಡ್ಡಿ ನೋಡ್ರಿ. ಮುಟ್ಟದೆ ಆ ಆಟವೇ ಇಲ್ಲ. ರೈಡಿಗೆ ಬಂದವನ ಕಾಲು ಹಿಡೀಬೇಕು, ಸೊಂಟ ತಬ್ಬಬೇಕು, ಬೆವರಿಗೆ ಬೆವರು ಹತ್ತಬೇಕು. ಆ ಗೆರೆಯೊಳಗೆ ಗೌಡರ ಮಗ ನಮ್ಮ ಕಾಲು ಹಿಡಿದು ಎಳೆದ. ಯಾರಿಗೂ ಮೈಲಿಗೆ ಆಗಲಿಲ್ಲ. ಸೀಟಿ ಊದಿದರು, ಆಟ ಮುಗಿಯಿತು. ಗೆರೆ ದಾಟಿ ನೀರಿನ ಕೊಡದ ಹತ್ತಿರ ಹೋದೆವು. 'ತಡೀಲೇ, ದೂರ ನಿಂದ್ರು, ಬೊಗಸೆ ಹಿಡಿ' ಅಂದರು. ಗೆರೆಯೊಳಗೆ ಮುಟ್ಟಿದರೆ ಪಾಯಿಂಟು, ಗೆರೆಯಾಚೆ ಮುಟ್ಟಿದರೆ ನಾವೇ ಔಟು! ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದ್ದು 1950ರಲ್ಲಿ. ಆ ಕೊಡಕ್ಕೆ ಇದನ್ನು ಯಾರೂ ಓದಿ ಹೇಳಿರಲಿಲ್ಲ.

ಇದು ನಮ್ಮೂರಿನ ರೋಗ ಮಾತ್ರ ಅಲ್ಲ. ಪಲ್ವಂಕರ್ ಬಾಲೂ ಎಂಬ ದಲಿತ ಬೌಲರ್ 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತ. ಅದಕ್ಕೂ ಮೊದಲು ಪುಣೆಯಲ್ಲಿ ತನ್ನದೇ ತಂಡದವರ ನಡುವೆ ಅವನಿಗೆ ಚಹಾ ಕೊಡುತ್ತಿದ್ದದ್ದು ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಅವನ ಬೌಲಿಂಗು ಬೇಕು, ನಾಯಕನ ಪಟ್ಟ ಕೊಡಲಿಲ್ಲ. ಹಿಂದೂ ತಂಡಕ್ಕೆ ಅವನ ತಮ್ಮ ವಿಠ್ಠಲ್ ನಾಯಕನಾದದ್ದು 1923ರಲ್ಲಿ. ಅದೂ ಕೇಳದೆ ಬಂದದ್ದಲ್ಲ, ಜಗಳಾಡಿ ಪಡೆದದ್ದು.

ನಮ್ಮಲ್ಲಿ? ಕ್ರೀಡಾಕೂಟದ ದಿನ ಗ್ರೌಂಡು ಗುಡಿಸೋರು ನಾವು, ಸುಣ್ಣದ ಗೆರೆ ಎಳೆಯೋರು ನಾವು, ಹಲಗೆ ಬಡಿಯೋರು ನಾವು. ಬರಿಗಾಲಲ್ಲಿ ಓಡಿ ಗೆಲ್ಲೋರೂ ನಾವೇ. ತಾಲೂಕಿಗೆ ಗೆದ್ದ ಹುಡುಗ ಜಿಲ್ಲೆಗೆ ಹೋಗುವ ಹೊತ್ತಿಗೆ ಅವ್ವ ಅಪ್ಪ ಗಂಟು ಕಟ್ಟಿ ಬೆಂಗಳೂರಿಗೆ ಗುಳೆ ಹೊರಟಿರುತ್ತಾರೆ. ಹತ್ತಿ ಬಿಡಿಸೋ ಕಾಲಕ್ಕೆ ಓಡೋ ಹುಡುಗಿ ಹೊಲದಲ್ಲಿರುತ್ತಾಳೆ, ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು. ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರನ್ನು ನೆಲ್ಲಿನ ಕಣಜ ಮಾಡಿತು. ಆ ನೆಲ್ಲು ನಾಟಿ ಮಾಡಿದವಳ ಮಗಳ ಕಾಲಿಗೆ ಒಂದು ಜೊತೆ ಬೂಟು ಬರಲಿಲ್ಲ.

ಮಸ್ಕಿಯವರೆ, ನಿಮ್ಮೂರ ಬಂಡೆಯ ಮೇಲೆ 1915ರಲ್ಲಿ ಸಿಕ್ಕ ಶಾಸನವನ್ನು ಸಾಲಿಯಲ್ಲಿ ಓದಿದ್ದೀರಿ. ಅಶೋಕ ಎಂಬ ಹೆಸರು ಅದರಲ್ಲಿತ್ತು ಅಂತ ಪರೀಕ್ಷೆಗೆ ಬರೆದಿದ್ದೀರಿ. ಅದು ಹೇಳುವ ಮಾತು? ಧರ್ಮದಲ್ಲಿ ನಡೆದರೆ ಸಣ್ಣವನೂ ಏರಬಲ್ಲ, ದೊಡ್ಡವನಿಗೆ ಮಾತ್ರ ಸಾಧ್ಯ ಅಂತ ತಿಳೀಬೇಡಿ ಅಂತ. ಎರಡು ಸಾವಿರ ವರ್ಷಕ್ಕೂ ಹಿಂದೆ ಕಲ್ಲಿಗೆ ತಿಳಿದದ್ದು ಊರಿನ ಕೊಡಕ್ಕೆ ಇನ್ನೂ ತಿಳಿದಿಲ್ಲ.

ಹಾಗಾದರೆ ಏನು ಮಾಡೋಣ? ಮುಂದಿನ ಕ್ರೀಡಾಕೂಟಕ್ಕೆ ಮೂರೇ ಮಾತು ಕೇಳಿರಿ. ಎಲ್ಲರಿಗೂ ಒಂದೇ ಕೊಡ, ಒಂದೇ ಲೋಟ. ಗೆದ್ದ ಮಗುವಿಗೆ ಬೂಟು, ಬಸ್ಸಿನ ಖರ್ಚು. ಗುಳೆ ಹೋದವರ ಮಕ್ಕಳಿಗೆ ಹಾಸ್ಟೆಲಿನಲ್ಲಿ ಜಾಗ. ಬೇಡಬೇಡಿ, ಬರೆದು ಕೊಡಿ, ಸಹಿ ಹಾಕಿಸಿಕೊಳ್ಳಿ. ಕೊಡದಿದ್ದರೆ ನಾವೇ ಎಳೆದ ಸುಣ್ಣದ ಗೆರೆಯ ಮೇಲೆ ಎಲ್ಲರೂ ಕೂತುಬಿಡಿ. ನಾವೂ ಬಂದು ನಿಮ್ಮ ಪಕ್ಕ ಕೂಡುತ್ತೇವೆ.

ಆ ಕೊಡದ ನೀರನ್ನು ನಮ್ಮ ಕೈಯಾರೆ ಮೊಗೆದು ಕುಡಿಯೋ ತನಕ ಆಟ ಮುಗಿದಿಲ್ಲ.

ಜೈ ಭೀಮ್.