ಹಗ್ಗದ ಲೆಕ್ಕ



ಮನೆಗೆ ಪಾಯ ಹಾಕೋದನ್ನ ನೀವೆಲ್ಲ ನೋಡಿದ್ದೀರಿ. ಮೂಲೆ ಸರಿಯಾಗಿದೆಯಾ ಅಂತ ಮೇಸ್ತ್ರಿ ಹೇಗೆ ನೋಡ್ತಾನೆ? ಮೂಲೆಯಿಂದ ಒಂದು ಕಡೆ 3 ಅಡಿ ಅಳೀತಾನೆ. ಇನ್ನೊಂದು ಕಡೆ 4 ಅಡಿ. ಆ ಎರಡು ಗುರುತಿನ ನಡುವೆ ದಾರ ಹಿಡಿದರೆ 5 ಅಡಿ ಬರಬೇಕು. ಬಾರದಿದ್ದರೆ ಮೂಲೆ ಸೊಟ್ಟ.

ಈ ಲೆಕ್ಕ ಎರಡು ಸಾವಿರ ವರ್ಷಕ್ಕಿಂತ ಹಳೆಯದು. ಶುಲ್ಬಸೂತ್ರ ಎಂಬ ಸಂಸ್ಕೃತ ಪುಸ್ತಕಗಳಲ್ಲಿದೆ. ಶುಲ್ಬ ಅಂದರೆ ಹಗ್ಗ. ಯಜ್ಞದ ವೇದಿ ಕಟ್ಟುವವರು ಗೂಟ ನೆಟ್ಟು, ಹಗ್ಗ ಎಳೆದು ಅಳೆಯುತ್ತಿದ್ದರು.

ಇಂಥ ಲೆಕ್ಕಗಳ ಚರಿತ್ರೆ ಬರೆದವರು ಒಬ್ಬ ಹೆಣ್ಣುಮಗಳು. ಹೆಸರು ಟಿ. ಎ. ಸರಸ್ವತಿ ಅಮ್ಮ. 1918ರಲ್ಲಿ ಕೇರಳದಲ್ಲಿ ಹುಟ್ಟಿದರು. ಗಣಿತ ಓದಿದರು. ಅಷ್ಟಕ್ಕೇ ಬಿಡಲಿಲ್ಲ, ಸಂಸ್ಕೃತಾನೂ ಓದಿದರು. ಎರಡೂ ಬೇಕಿತ್ತು ನೋಡಿ. ಸಂಸ್ಕೃತ ಬಲ್ಲ ಎಷ್ಟೋ ಜನಕ್ಕೆ ಲೆಕ್ಕ ಬಾರದು. ಲೆಕ್ಕ ಬಲ್ಲವರಿಗೆ ಸಂಸ್ಕೃತ ಬಾರದು.

ಗೆರೆ, ಮೂಲೆ, ವೃತ್ತಗಳ ಲೆಕ್ಕಕ್ಕೆ ರೇಖಾಗಣಿತ ಅಂತಾರೆ. ಅದು ನಮ್ಮ ಹಿಂದಿನವರಿಗೆ ಅಷ್ಟಾಗಿ ಗೊತ್ತಿರಲಿಲ್ಲ ಅಂತ ಅನೇಕ ಪಂಡಿತರು ಹೇಳುತ್ತಿದ್ದರು. ಸರಸ್ವತಿ ಅಮ್ಮ ವಾದಕ್ಕೆ ಹೋಗಲಿಲ್ಲ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಡಾ. ವಿ. ರಾಘವನ್ ಅವರ ಬಳಿ ಕೂತು ಹಳೆಯ ಪುಸ್ತಕಗಳನ್ನು ಓದಿದರು. ಆ ಮಾತು ತಪ್ಪು ಅಂತ ಬರೆದು ತೋರಿಸಿದರು.

ಅವರ ಪುಸ್ತಕ ಅಚ್ಚಾಗಿದ್ದು 1979ರಲ್ಲಿ. ಆಗ ಅವರಿಗೆ 60 ವರ್ಷ! ದೂರದ ಧನಬಾದಿನಲ್ಲಿ ಹೆಣ್ಣುಮಕ್ಕಳ ಕಾಲೇಜಿಗೆ ಪ್ರಿನ್ಸಿಪಾಲರಾಗಿದ್ದರು. 2000ದಲ್ಲಿ ತೀರಿಕೊಂಡರು. ಪುಸ್ತಕವನ್ನು ವಿದ್ವಾಂಸರು ಈಗಲೂ ಓದುತ್ತಾರೆ.

ನಾಳೆ ಬರುವಾಗ ಯಾರಾದರೂ ಒಂದು ಹಗ್ಗ ತನ್ನಿ. ಅಂಗಳದಲ್ಲಿ 3, 4, 5 ಅಳೆದು ನೋಡೋಣ.